ಮಗಳು ಎರಡು ಸಲ ಇಳಿಯಲಿಲ್ಲ, ಯಾಕೆ?

ಪತ್ರ: ಮಗಳು ಕಲಬುರಗಿಯಲ್ಲಿ ಪೈಲಟ್ ತರಬೇತಿ ಪಡೆಯುತ್ತಿದ್ದಾಳೆ. ಮೊನ್ನೆ ಬೇಲಿಯಾಚೆ ನಿಂತು ನೋಡಿದೆ. ಅವಳ ವಿಮಾನ ಅಡ್ಡ ಅಡ್ಡ ಬಂತು. ಎರಡು ಸಲ ಇನ್ನೇನು ಇಳಿಯಿತು ಅನ್ನುವಾಗ ಮತ್ತೆ ಮೇಲೆದ್ದಿತು, ಮೂರನೇ ಸಲ ಇಳಿಯಿತು. ಅಷ್ಟುದ್ದದ ರನ್‌ವೇ ಇದ್ದರೂ ಅಂಜಿದಳಾ?
– ಒಬ್ಬ ತಾಯಿ, ಸೇಡಂ

ಅಕ್ಕಾ, ಶರಣು. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಮಗಳು ಮಾಡಿದ್ದು ಸರಿ.

ರನ್‌ವೇ 3 ಕಿ.ಮೀ.ಗೂ ಜಾಸ್ತಿ ಉದ್ದ ಇದೆ, ನಿಜ. ಉದ್ದ ಇದ್ದರೆ ನಿಲ್ಲಿಸಲು ಜಾಗ ಸಿಗುತ್ತದೆ ಅಷ್ಟೇ. ನಮ್ಮದು ಪೂರ್ವ–ಪಶ್ಚಿಮ ರನ್‌ವೇ. ಪಡುವಣ ಗಾಳಿ ಎದುರಿಗೆ ಬಂದರೆ ಅನುಕೂಲ. ದಕ್ಷಿಣದಿಂದಲೋ ಉತ್ತರದಿಂದಲೋ ಬೀಸಿದರೆ ಅದು ಅಡ್ಡಗಾಳಿ.

ಅಡ್ಡ ಅಡ್ಡ ಬಂದದ್ದೂ ತಪ್ಪಲ್ಲ. ತುಂಬಿದ ಭೀಮೆಯಲ್ಲಿ ಹರಿಗೋಲು ನಡೆಸುವ ಅಂಬಿಗ ಆಚೆ ದಡದ ಗುಡಿಗೆ ನೇರ ಗುರಿ ಇಡುವುದಿಲ್ಲ, ಅಲ್ವಾ? ಹರಿವಿನ ಎದುರಿಗೆ ಸ್ವಲ್ಪ ಮೇಲಕ್ಕೆ ಇಡುತ್ತಾನೆ. ವಿಮಾನದ ಮೂತಿಯೂ ಹಾಗೇ ಗಾಳಿಯತ್ತ ತಿರುಗಿರುತ್ತದೆ, ಸಾಗುವುದು ಮಾತ್ರ ರನ್‌ವೇ ನೇರಕ್ಕೆ.

ಕಷ್ಟ ಇರುವುದು ಕೊನೆಯ ಕೆಲವು ಸೆಕೆಂಡುಗಳಲ್ಲಿ. ಮೂತಿ ಅಡ್ಡ ಇರುವಾಗಲೇ ನೆಲ ತಾಗಿದರೆ ಚಕ್ರದ ಕಾಲಿಗೆ ಪಕ್ಕದಿಂದ ಹೊಡೆತ ಬೀಳುತ್ತದೆ. ಅದಕ್ಕೇ ಕಾಲಲ್ಲಿ ರಡ್ಡರ್, ಅಂದರೆ ಮೂತಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸುವ ಬಾಲದ ಪಟ್ಟಿಯ ಪೆಡಲ್ ಒತ್ತಿ ಮೂತಿ ನೇರ ಮಾಡಬೇಕು. ಅದೇ ಹೊತ್ತಿಗೆ ಗಾಳಿ ಬರುವ ಕಡೆಯ ರೆಕ್ಕೆಯನ್ನು ತುಸು ತಗ್ಗಿಸಬೇಕು. ಸರಿಯಾಗಿ ಇಳಿದರೆ ಗಾಳಿ ಕಡೆಯ ಚಕ್ರ ಮೊದಲು ತಾಗುತ್ತದೆ, ಆಮೇಲೆ ಇನ್ನೊಂದು, ಕಡೆಗೆ ಮೂತಿಯ ಚಕ್ರ. ಮುಂದಿನ ಸಲ ಹೋದಾಗ ಇದನ್ನೇ ನೋಡಿ, ಬರಿಗಣ್ಣಿಗೇ ಕಾಣುತ್ತದೆ.

ಜಾಸ್ತಿ ಜನ ಎಡವುವುದು ಇದಾದ ಮೇಲೆ. ಚಕ್ರ ತಾಗಿತು, ಉಸ್ಸಪ್ಪಾ ಅಂತ ಕೈ ಸಡಿಲ ಬಿಡುತ್ತಾರೆ. ಗಾಳಿ ಬಾಲಕ್ಕೆ ಬಡಿದು ಮೂತಿಯನ್ನು ತನ್ನತ್ತ ಎಳೆಯುತ್ತದೆ, ಒಂದು ರೆಕ್ಕೆ ಏಳುತ್ತದೆ, ವಿಮಾನ ಬದಿಯ ಮಣ್ಣಿಗೆ ಜಾರುತ್ತದೆ. ಮಳೆ ಬಿದ್ದ ಎರೆನೆಲದಲ್ಲಿ ಸಣ್ಣ ಚಕ್ರ ಹೂತರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಿಲ್ಲ.

ತರಬೇತಿಗೆ ತುಂಬಾ ಬಳಸುವ ಸೆಸ್ನಾ 172 ಭರ್ತಿ ತುಂಬಿದರೂ ಸುಮಾರು 1,100 ಕಿಲೋ. ಪೂರಾ ಅಡ್ಡಲಾಗಿ ಬೀಸುವ 15 ನಾಟ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಗಾಳಿಯಲ್ಲಿ ಅದನ್ನು ಇಳಿಸಿ ತೋರಿಸಲಾಗಿದೆ ಅಂತ ಅದರ ಕೈಪಿಡಿಯಲ್ಲಿದೆ. ಇಳಿಸಿದ್ದು ನುರಿತ ಕೈ. ಕಲಿಯುವವರಿಗೆ ಅದಕ್ಕಿಂತ ಕಮ್ಮಿ ಗಾಳಿಯೇ ಸಾಕಷ್ಟಾಯಿತು. ಅದರಲ್ಲೂ ರಪ್ಪನೆ ಬಂದು ಸುಮ್ನಾಗುವ ಗಾಳಿ ಇನ್ನೂ ಕೆಟ್ಟದ್ದು.

ಹೊಂದಲಿಲ್ಲ ಅಂದರೆ ಪೂರ್ತಿ ಪವರ್ ಕೊಟ್ಟು ಮೇಲೇಳುವುದನ್ನು ಅವರಿಗೆ ಪಾಠವಾಗಿಯೇ ಕಲಿಸುತ್ತಾರೆ. ನಿಮ್ಮ ಮಗಳು ಆ ಪಾಠವನ್ನು ಎರಡು ಸಲ ಮಾಡಿ ತೋರಿಸಿದ್ದಾಳೆ. ರಾತ್ರಿ ಫೋನ್ ಮಾಡಿದಾಗ ಯಾಕೆ ಇಳೀಲಿಲ್ಲ ಅಂತ ಕೇಳಬೇಡಿ ಅಕ್ಕಾ. ಗಾಳಿ ಯಾವ ಕಡೆಯಿಂದ ಇತ್ತು ಮಗಳೇ ಅಂತ ಕೇಳಿ. ಅವಳೇ ಎಲ್ಲಾ ಹೇಳುತ್ತಾಳೆ.

– ಸಂಪಾದಕ