ಎಲ್‌ಎಲ್‌ಆರ್ ಪರೀಕ್ಷೆ: ಬಾಯಿಪಾಠ ಮಾಡಿದರೆ ಸಾಲದೇ?

ಪ್ರಶ್ನೆ: ಹಾಸನದಲ್ಲಿ ಬಿ.ಕಾಂ ಎರಡನೇ ವರ್ಷ ಓದುತ್ತಿದ್ದೇನೆ. ಸ್ಕೂಟರ್, ಕಾರು ಎರಡಕ್ಕೂ ಸೇರಿಸಿ ಎಲ್‌ಎಲ್‌ಆರ್‌ಗೆ (ಕಲಿಯುವವರ ಲೈಸೆನ್ಸ್‌ಗೆ) ಅರ್ಜಿ ಹಾಕಿದ್ದೆ. ಪ್ರಶ್ನೋತ್ತರದ ಪಿಡಿಎಫ್ ಒಂದನ್ನು ವಾರವಿಡೀ ಕೂತು ಬಾಯಿಪಾಠ ಮಾಡಿದರೂ ಕಂಪ್ಯೂಟರ್ ಪರೀಕ್ಷೆಯಲ್ಲಿ ಫೇಲಾದೆ. ಚಿಹ್ನೆಗಳಲ್ಲೇ ಹೆಚ್ಚು ತಪ್ಪಾಯಿತು. ಕೆಲವು ಪ್ರಶ್ನೆಗಳಿಗೆ ಎರಡೆರಡು ಉತ್ತರ ಸರಿ ಅನ್ನಿಸುತ್ತದೆ. ಗೆಳತಿಯರೆಲ್ಲ ಪಾಸಾಗಿದ್ದಾರೆ, ನನಗೆ ನಾಚಿಕೆಯಾಗುತ್ತಿದೆ. ಮತ್ತೆ ಹೇಗೆ ತಯಾರಾಗಲಿ?

ಉತ್ತರ: ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 50 ರೂಪಾಯಿ ಶುಲ್ಕ ಕಟ್ಟಿ ಮತ್ತೆ ಪರೀಕ್ಷೆಗೆ ಕೂರಬಹುದು. ನಿಮ್ಮ ಶ್ರಮದಲ್ಲಿ ಕೊರತೆ ಇರಲಿಲ್ಲ, ಓದಿದ ಬಗೆಯಲ್ಲಿತ್ತು. ಪ್ರಶ್ನೆಯ ಮೊದಲ ನಾಲ್ಕು ಪದ ನೋಡಿ ‘ಇದಕ್ಕೆ ಉತ್ತರ ಬಿ’ ಎಂದು ಉರು ಹೊಡೆದವರಿಗೆ ಆಯ್ಕೆಗಳ ಕ್ರಮ ಬದಲಾದರೂ ಸಾಕು, ದಿಕ್ಕು ತಪ್ಪುತ್ತದೆ. ಪಿಡಿಎಫ್ ಎಸೆಯಬೇಡಿ, ಆದರೆ ಅದನ್ನು ಕೊನೆಗೆ ತೆರೆಯಿರಿ.

ಮೊದಲು ಈ ಪರೀಕ್ಷೆಯಲ್ಲಿ ಏನು ಕೇಳಬೇಕು ಎಂದು ಕಾನೂನು ಹೇಳುತ್ತದೆ, ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೇ ನಿಯಮದಲ್ಲಿ ಅದು ಸ್ಪಷ್ಟವಾಗಿದೆ: ಸಂಚಾರ ಚಿಹ್ನೆ, ಸಿಗ್ನಲ್ ಮತ್ತು ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರ, ವಾಹನ ಓಡಿಸುವಾಗ ಜೊತೆಯಲ್ಲಿರಬೇಕಾದ ದಾಖಲೆಗಳು. ಇಷ್ಟೇ. ಎಂಜಿನ್ ಹೇಗೆ ಕೆಲಸ ಮಾಡುತ್ತದೆ, ಕ್ಲಚ್ ಪ್ಲೇಟ್ ಎಲ್ಲಿರುತ್ತದೆ ಎಂದೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಚಿಹ್ನೆಗಳನ್ನು ಒಂದೊಂದಾಗಿ ನೆನಪಿಟ್ಟುಕೊಳ್ಳಲು ಹೊರಟರೆ ಖಂಡಿತ ಗೊಂದಲವಾಗುತ್ತದೆ. ಒಳಗಿನ ಚಿತ್ರ ನೋಡುವ ಮೊದಲು ಹೊರಗಿನ ಆಕಾರ ನೋಡಿ. ಕೆಂಪು ಅಂಚಿನ ತ್ರಿಕೋನವಿದ್ದರೆ ಎಚ್ಚರಿಕೆ: ಮುಂದೆ ಏನೋ ಇದೆ, ನಿಧಾನಿಸಿ. ಕೆಂಪು ಅಂಚಿನ ವೃತ್ತವಿದ್ದರೆ ಮಾಡಬಾರದ್ದು ಅಥವಾ ಮೀರಬಾರದ ಮಿತಿ. ನೀಲಿ ವೃತ್ತದಲ್ಲಿ ಬಿಳಿ ಬಾಣವಿದ್ದರೆ ಅದನ್ನು ಮಾಡಲೇಬೇಕು. ನೀಲಿ ಚೌಕ ಅಥವಾ ಆಯತ ಬರೀ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಬಂಕ್, ಪಾರ್ಕಿಂಗ್. ಎಡಕ್ಕೆ ತಿರುಗಿದ ಒಂದೇ ಬಾಣ ನೀಲಿ ವೃತ್ತದಲ್ಲಿದ್ದರೆ ‘ಎಡಕ್ಕೇ ತಿರುಗಿ’, ಕೆಂಪು ಅಂಚಿನೊಳಗೆ ಅಡ್ಡಗೆರೆ ಹೊಡೆಸಿಕೊಂಡಿದ್ದರೆ ‘ಎಡಕ್ಕೆ ತಿರುಗುವಂತಿಲ್ಲ’. ಎರಡೆರಡು ಉತ್ತರ ಸರಿ ಅನ್ನಿಸುವುದು ಹೆಚ್ಚಾಗಿ ಇಂಥಲ್ಲೇ. ನಿಲ್ಲಿ ಎನ್ನುವುದಕ್ಕೆ ಎಂಟು ಮೂಲೆಯ ಕೆಂಪು ಫಲಕ, ದಾರಿ ಬಿಡಿ ಎನ್ನುವುದಕ್ಕೆ ತಲೆಕೆಳಗಾದ ತ್ರಿಕೋನ. ಇವೆರಡಕ್ಕೆ ಮಾತ್ರ ಬೇರೆಯದೇ ಆಕಾರ ಕೊಟ್ಟಿರುವುದು ಸುಮ್ಮನೆ ಅಲ್ಲ. ಧೂಳು ಮೆತ್ತಿದ್ದರೂ, ಹಿಂದಿನಿಂದ ನೋಡಿದರೂ ಗುರುತು ಸಿಗಲಿ ಎಂದು.

ಇನ್ನು ವಿದ್ಯಾರ್ಥಿಗಳು ಎಡವುವ ಕೆಲವು ಜೋಡಿಗಳಿವೆ, ಇವುಗಳಿಗೆ ಸಮಯ ಕೊಡಿ. ಕೆಂಪು ವೃತ್ತದೊಳಗೆ ಬರೀ ಸಂಖ್ಯೆ ಇದ್ದರೆ ಅದು ವೇಗದ ಮಿತಿ. ಅದೇ ಸಂಖ್ಯೆಯ ಎಡಬಲಕ್ಕೆ ಎರಡು ಪುಟ್ಟ ಕಪ್ಪು ಮೊನೆಗಳಿದ್ದರೆ ವಾಹನದ ಅಗಲದ ಮಿತಿ. ಮೊನೆಗಳು ಮೇಲೆ ಕೆಳಗೆ ಇದ್ದರೆ ಎತ್ತರದ ಮಿತಿ. ಗಾಬರಿಯಲ್ಲಿ ಎಲ್ಲರೂ ‘ವೇಗದ ಮಿತಿ’ ಒತ್ತಿಬಿಡುತ್ತಾರೆ. ಬಾಣ, ಚಿತ್ರ ಏನೂ ಇಲ್ಲದ ವೃತ್ತದಲ್ಲಿ ಒಂದೇ ಅಡ್ಡಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಗೆರೆಗಳು ಒಂದರ ಮೇಲೊಂದು ಹಾದು ಗುಣಾಕಾರದ ಗುರುತಿನಂತಿದ್ದರೆ ನಿಲ್ಲಿಸುವಂತೆಯೇ ಇಲ್ಲ, ಒಬ್ಬರನ್ನು ಇಳಿಸಿ ಹೋಗುವುದಕ್ಕೂ ಇಲ್ಲ. ಕೆಂಪು ತಟ್ಟೆಯ ನಡುವೆ ಬಿಳಿ ಪಟ್ಟಿ ಇದ್ದರೆ ಈ ಕಡೆಯಿಂದ ಪ್ರವೇಶವಿಲ್ಲ ಎಂದರ್ಥ.

ರೈಲ್ವೆ ಗೇಟಿನ ಎರಡು ಚಿಹ್ನೆಗಳನ್ನಂತೂ ಒಂದರ ಪಕ್ಕ ಒಂದಿಟ್ಟು ನೋಡಿ. ತ್ರಿಕೋನದೊಳಗೆ ಬೇಲಿಯಂಥ ಗೇಟಿನ ಚಿತ್ರವಿದ್ದರೆ ಕಾವಲಿರುವ ಗೇಟು. ಹಳೆಯ ಉಗಿಬಂಡಿ ಎಂಜಿನ್ನಿನ ಚಿತ್ರವಿದ್ದರೆ ಕಾವಲಿಲ್ಲದ್ದು. ತಡೆಯಲು ಅಲ್ಲಿ ಗೇಟಿಲ್ಲ, ಎದುರಿಗೆ ಬರುವುದು ರೈಲೇ ಎಂದು ಚಿತ್ರ ಹೇಳುತ್ತಿದೆ. ಕಾವಲಿಲ್ಲದ ಕಡೆ ಏನು ಮಾಡಬೇಕು ಎಂಬುದನ್ನು 1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಂ ಹೇಳುತ್ತದೆ: ವಾಹನ ನಿಲ್ಲಿಸಬೇಕು, ಕಂಡಕ್ಟರ್, ಕ್ಲೀನರ್, ಸಹಾಯಕ ಅಥವಾ ವಾಹನದಲ್ಲಿರುವ ಬೇರೆ ಯಾರಾದರೂ ಇಳಿದು ಹಳಿಯವರೆಗೆ ನಡೆದು ಎರಡೂ ಕಡೆ ರೈಲು ಬರುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅಂಥವರು ಯಾರೂ ಇಲ್ಲದಿದ್ದರೆ ಚಾಲಕನೇ ಇಳಿಯಬೇಕು. ‘ಹಾರ್ನ್ ಬಾರಿಸುತ್ತಾ ಬೇಗ ದಾಟುವುದು’ ಎಂಬ ಉತ್ತರ ಎಷ್ಟು ಚೆಂದವಾಗಿ ಕಂಡರೂ ಮುಟ್ಟಬೇಡಿ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಕಾವಲಿಲ್ಲದ ಗೇಟುಗಳನ್ನು 2019ರ ಜನವರಿ ಹೊತ್ತಿಗೆ ಪೂರ್ತಿ ತೆಗೆದಿದ್ದಾರೆ, ಮತ್ತೇಕೆ ಇದನ್ನು ಕಲಿಯಬೇಕು ಎಂದು ಕೆಲವರು ಕೇಳುತ್ತಾರೆ. ನಿಯಮದಲ್ಲಿ ಆ ವಿಷಯ ಹೆಸರಿಟ್ಟೇ ಇದೆ, ಅದಕ್ಕೇ ಕಲಿಯಬೇಕು.

ರಸ್ತೆ ನಿಯಮಗಳ ಪ್ರಶ್ನೆಗಳು ನೋಡಲು ನೂರಾರು. ಕೆದಕಿದರೆ ಬಹುಪಾಲು ಒಂದೇ ಮಾತನ್ನು ಕೇಳುತ್ತವೆ: ಇಲ್ಲಿ ದಾರಿ ಬಿಡಬೇಕಾದವರು ಯಾರು? ಜೀಬ್ರಾ ಪಟ್ಟೆಯಲ್ಲಿ ಪಾದಚಾರಿ ಇದ್ದರೆ ವಾಹನ ದಾರಿ ಬಿಡಬೇಕು. ವೃತ್ತದಲ್ಲಿ ಈಗಾಗಲೇ ಸುತ್ತುತ್ತಿರುವವರಿಗೆ ಹೊಸದಾಗಿ ಒಳಬರುವವರು ದಾರಿ ಬಿಡಬೇಕು. ಸಿಗ್ನಲ್ಲೂ ಇಲ್ಲದ, ಪೊಲೀಸರೂ ಇಲ್ಲದ ಕೂಡುರಸ್ತೆಯಲ್ಲಿ ಮುಖ್ಯರಸ್ತೆಯವರಿಗೆ ಮೊದಲ ಹಕ್ಕು. ಹಾಗೆ ಮುಖ್ಯರಸ್ತೆ ಎಂಬುದಿಲ್ಲದಿದ್ದರೆ ನಿಮ್ಮ ಬಲಗಡೆಯಿಂದ ಬರುವವರಿಗೆ. ಆಂಬುಲೆನ್ಸ್, ಅಗ್ನಿಶಾಮಕ ವಾಹನಕ್ಕೆ ಎಲ್ಲರೂ ಬದಿಗೆ ಸರಿಯಬೇಕು.

ನೀವು ಹಾಸನದವರು, ಘಾಟಿ ರಸ್ತೆ ನಿಮಗೆ ಹೊಸದಲ್ಲ. ಚಾರ್ಮಾಡಿಯ ಇಕ್ಕಟ್ಟಿನ ತಿರುವಿನಲ್ಲಿ ಒಂದು ಲಾರಿ ಹತ್ತುತ್ತಿದೆ, ನಿಮ್ಮ ಕಾರು ಇಳಿಯುತ್ತಿದೆ ಎಂದಿಟ್ಟುಕೊಳ್ಳಿ. ಯಾರು ನಿಲ್ಲಬೇಕು? ಇಳಿಯುತ್ತಿರುವ ನೀವು. ಹೊರೆ ಹೊತ್ತು ಏರುತ್ತಿರುವ ಲಾರಿ ಒಮ್ಮೆ ನಿಂತರೆ ಮತ್ತೆ ಹೊರಡುವಾಗ ಹಿಂದಕ್ಕೆ ಜಾರಬಹುದು, ಅದರ ಹಿಂದೆ ಇನ್ಯಾರದೋ ಬೈಕು ಇರಬಹುದು. ಇಳಿಯುವವರಿಗೆ ಬ್ರೇಕ್ ಬಿಟ್ಟರೆ ಸಾಕು, ವಾಹನ ತಾನಾಗಿ ಹೊರಡುತ್ತದೆ. ಈ ಕಾರಣ ಒಮ್ಮೆ ಮನಸ್ಸಿಗೆ ಇಳಿದರೆ ಪ್ರಶ್ನೆಯನ್ನು ಹೇಗೆ ತಿರುಚಿ ಕೇಳಿದರೂ ನೀವು ತಪ್ಪುವುದಿಲ್ಲ. ಉಳಿದ ನಿಯಮಗಳನ್ನೂ ಹೀಗೆಯೇ ಓದಿ, ಪ್ರತಿಯೊಂದಕ್ಕೂ ‘ಯಾಕೆ’ ಎಂದು ಕೇಳಿಕೊಳ್ಳಿ. ಓವರ್‌ಟೇಕ್ ಬಲಗಡೆಯಿಂದ, ಆದರೆ ಮುಂದಿನವರು ಬಲಕ್ಕೆ ತಿರುಗುವುದಾಗಿ ಸೂಚನೆ ಕೊಟ್ಟು ರಸ್ತೆಯ ನಡುವಿಗೆ ಸರಿದಿದ್ದರೆ ಎಡದಿಂದ ಮುಂದೆ ಹೋಗಬಹುದು. ಕಿರುಸೇತುವೆ, ತಿರುವು, ಕೂಡುರಸ್ತೆ ಹೀಗೆ ಮುಂದಿನದು ಕಾಣದ ಕಡೆಗಳಲ್ಲಿ ಓವರ್‌ಟೇಕ್ ಇಲ್ಲವೇ ಇಲ್ಲ.

ಕೈಸನ್ನೆಗಳನ್ನು ಓದಬೇಡಿ, ಕುರ್ಚಿಯ ಮೇಲೆ ಕೂತು ಮಾಡಿ ನೋಡಿ. ಬಲಗೈ ಹೊರಚಾಚಿ ಅಂಗೈ ಮುಂದಕ್ಕೆ ತೋರಿದರೆ ಬಲಕ್ಕೆ ತಿರುಗುತ್ತೇನೆ. ಅದೇ ಬಲಗೈಯನ್ನು ಚಾಚಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿಸಿದರೆ ಎಡಕ್ಕೆ ತಿರುಗುತ್ತೇನೆ. ಅಂಗೈ ಕೆಳಮಾಡಿ ಮೇಲೆ ಕೆಳಗೆ ಆಡಿಸಿದರೆ ನಿಧಾನಿಸುತ್ತಿದ್ದೇನೆ. ಎಡಕ್ಕೆ ತಿರುಗಲೂ ಬಲಗೈಯನ್ನೇ ಬಳಸುವುದು ಏಕೆಂದರೆ ನಮ್ಮಲ್ಲಿ ಚಾಲಕ ಕೂರುವುದು ಬಲಗಡೆ. ಹೊರಗಿನವರಿಗೆ ಕಾಣುವುದು ಆ ಕೈಯೇ.

ಮಿಕ್ಕಿದ್ದು ಸಣ್ಣದು. ದಾಖಲೆ ಎಂದರೆ ಡಿಎಲ್ (ಚಾಲನಾ ಲೈಸೆನ್ಸ್), ಆರ್‌ಸಿ (ವಾಹನದ ನೋಂದಣಿ ಪತ್ರ), ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ. ಮದ್ಯದ ಮಿತಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ. ಅಪಘಾತದಲ್ಲಿ ಯಾರಿಗಾದರೂ ಗಾಯವಾದರೆ ಮೊದಲು ಆಸ್ಪತ್ರೆಗೆ ಸೇರಿಸುವುದು, ಆಮೇಲೆ ಪೊಲೀಸರಿಗೆ ತಿಳಿಸುವುದು, ಹೆಚ್ಚೆಂದರೆ 24 ಗಂಟೆಯೊಳಗೆ. ಕೆಂಪು ದೀಪ ಮಿನುಗುತ್ತಿದ್ದರೆ ನಿಂತು, ನೋಡಿ, ಹೊರಡಿ. ಹಳದಿ ಮಿನುಗುತ್ತಿದ್ದರೆ ನಿಧಾನಿಸಿ ಹೊರಡಿ.

ಇದೆಲ್ಲ ಆದ ಮೇಲೆ ಲೈಸೆನ್ಸ್ ಸೇವೆಗಳ ಸರ್ಕಾರಿ ಜಾಲತಾಣವಾದ ಸಾರಥಿ ಪೋರ್ಟಲ್‌ನಲ್ಲಿರುವ ಅಣಕು ಪರೀಕ್ಷೆಗೆ ಕೂರಿ. ಪ್ರತಿ ಪ್ರಶ್ನೆಗೂ ಸಮಯ ಓಡುತ್ತಿರುತ್ತದೆ, ಆ ಒತ್ತಡದ ರೂಢಿಯಾಗಬೇಕು. ತಪ್ಪಾದ ಪ್ರಶ್ನೆಗಳನ್ನು ಮಾತ್ರ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಕಾಲೇಜಿಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿ ಪಕ್ಕ ಕೂತು, ಕಂಡ ಫಲಕಗಳಿಗೆಲ್ಲ ಮನಸ್ಸಿನಲ್ಲೇ ಹೆಸರು ಹೇಳಿಕೊಳ್ಳಿ. ಪಿಡಿಎಫ್ ತೆರೆಯುವುದು ಈಗ.

ಪ್ರಶ್ನೆ: ನನಗೆ 52 ವರ್ಷ, ಧಾರವಾಡದ ಗೃಹಿಣಿ. ಮಗಳು ಸ್ಕೂಟಿ ಕೊಡಿಸಿದ್ದಾಳೆ. ಎಸ್ಸೆಸ್ಸೆಲ್ಸಿ ಆದಮೇಲೆ ಪರೀಕ್ಷೆ ಬರೆದೇ ಇಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ, ಕಂಪ್ಯೂಟರ್ ಮುಟ್ಟಿಲ್ಲ. ನನ್ನ ಕೈಲಿ ಆಗುತ್ತದೆಯೇ?

ಉತ್ತರ: ಖಂಡಿತ ಆಗುತ್ತದೆ ಅಮ್ಮಾ. ಪರೀಕ್ಷೆಯನ್ನು ಕನ್ನಡದಲ್ಲೇ ತೆಗೆದುಕೊಳ್ಳಬಹುದು. ಭಾಷೆ ಆರಿಸುವಾಗ ಗಮನವಿರಲಿ, ಗಡಿಬಿಡಿಯಲ್ಲಿ ಇಂಗ್ಲಿಷ್ ಒತ್ತಿಬಿಟ್ಟು ಪರದಾಡಿದವರಿದ್ದಾರೆ. ಬರೆಯುವುದು ಏನೂ ಇಲ್ಲ, ಸರಿಯಾದ ಉತ್ತರದ ಮೇಲೆ ಒತ್ತುವುದಷ್ಟೇ. ಮೌಸ್ ಹಿಡಿದು ರೂಢಿ ಇಲ್ಲವಾದರೆ ಮಗಳ ಲ್ಯಾಪ್‌ಟಾಪಿನಲ್ಲಿ ಎರಡು ಸಂಜೆ ಅಣಕು ಪರೀಕ್ಷೆ ಮಾಡಿ, ಕೈ ಪಳಗುತ್ತದೆ. ಪರದೆಯ ಮೇಲಿನ ಕನ್ನಡ ಸ್ವಲ್ಪ ಕಚೇರಿ ಕನ್ನಡ, ಅದನ್ನೂ ಮೊದಲೇ ಓದಿ ರೂಢಿಸಿಕೊಂಡರೆ ಒಳ್ಳೆಯದು.

ನಿಮಗೆ 40 ದಾಟಿರುವುದರಿಂದ ನಮೂನೆ 1-ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದರಲ್ಲಿ ನೋಂದಾಯಿತ ವೈದ್ಯರು ದೃಷ್ಟಿ, ಶ್ರವಣ ನೋಡಿ ಸಹಿ ಹಾಕುತ್ತಾರೆ. ಕನ್ನಡಕದ ನಂಬರು ಹಳೆಯದಾಗಿದ್ದರೆ ಅದಕ್ಕೂ ಮೊದಲೇ ಬದಲಿಸಿಕೊಳ್ಳಿ. ಫಲಕ ಓದಲಾಗದವರಿಗೆ ಫಲಕದ ಜ್ಞಾನವಿದ್ದು ಪ್ರಯೋಜನವಿಲ್ಲ. ರಸ್ತೆಯಲ್ಲಿ ಮೂವತ್ತು ವರ್ಷ ಪಾದಚಾರಿಯಾಗಿ ಓಡಾಡಿದ್ದೀರಿ, ಎಲ್ಲಿ ವಾಹನದವರು ನಿಲ್ಲಬೇಕಿತ್ತು ಎಂಬುದು ಹದಿನೆಂಟರ ಹುಡುಗರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಧೈರ್ಯವಾಗಿ ಕೂರಿ.

ಪ್ರಶ್ನೆ: ಮಗನಿಗೆ 17 ನಡೆಯುತ್ತಿದೆ. ಗೇರಿಲ್ಲದ ಸ್ಕೂಟರಿಗೆ 16ಕ್ಕೇ ಲೈಸೆನ್ಸ್ ಸಿಗುತ್ತದೆ, ಮನೆಯಿಂದಲೇ ಆನ್‌ಲೈನ್ ಪರೀಕ್ಷೆ, ಅವನು ಕೂರುವುದೂ ಬೇಡ, ನಾನೇ ಮುಗಿಸಿಕೊಡುತ್ತೇನೆ ಎಂದು ಪರಿಚಯದ ಏಜೆಂಟರೊಬ್ಬರು ಹೇಳುತ್ತಿದ್ದಾರೆ. ಒಪ್ಪಬಹುದೇ? (ತುಮಕೂರಿನ ತಂದೆ)

ಉತ್ತರ: ದಯವಿಟ್ಟು ಒಪ್ಪಬೇಡಿ. 16ಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಮೀರದ ಗೇರುರಹಿತ ದ್ವಿಚಕ್ರಕ್ಕೆ ಮಾತ್ರ, ಅದೂ ಪೋಷಕರ ಲಿಖಿತ ಒಪ್ಪಿಗೆಯೊಂದಿಗೆ. ಇವತ್ತು ಮನೆಮನೆಯಲ್ಲಿರುವ ಪೆಟ್ರೋಲ್ ಸ್ಕೂಟರುಗಳು ಬಹುಪಾಲು 100 ಸಿಸಿ ದಾಟಿದವು. ಗೇರಿಲ್ಲದಿದ್ದರೂ ಅವಕ್ಕೆ 18 ತುಂಬಲೇಬೇಕು. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಕಾರ್ಡು ಮಾಡಿಸಿಕೊಡುವವರು ನಿಮಗೆ ಉಪಕಾರ ಮಾಡುತ್ತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಎಲ್‌ಎಲ್‌ಆರ್ ಕೂಡ ಇಲ್ಲ.

ಪರೀಕ್ಷೆಯನ್ನು ಬೇರೆಯವರು ಮುಗಿಸಿಕೊಡುವ ಮಾತು ನನಗೆ ಇನ್ನೂ ಹೆಚ್ಚು ಸಂಕಟ ಕೊಡುತ್ತದೆ. ಅರ್ಜಿ ತುಂಬಲು, ಶುಲ್ಕ ಕಟ್ಟಲು ಯಾರ ನೆರವನ್ನಾದರೂ ಪಡೆಯಿರಿ, ತಪ್ಪಿಲ್ಲ. ಆದರೆ ಹೆದ್ದಾರಿಯ ಸರ್ವಿಸ್ ರಸ್ತೆಯಿಂದ ಮುಖ್ಯರಸ್ತೆಗೆ ಸೇರುವಾಗ ಆ ಏಜೆಂಟರು ನಿಮ್ಮ ಮಗನ ಹಿಂದೆ ಕೂತಿರುವುದಿಲ್ಲ. ದಾರಿ ಬಿಡಬೇಕಾದವನು ತಾನು ಎಂದು ಅವನಿಗೇ ಗೊತ್ತಿರಬೇಕು. 18 ತುಂಬುವವರೆಗೆ ಸಮಯವಿದೆ. ನೀವು ಗಾಡಿ ಓಡಿಸುವಾಗ ಪಕ್ಕದಲ್ಲೋ ಹಿಂದೆಯೋ ಕೂರಿಸಿಕೊಂಡು, ಎದುರಾದ ಚಿಹ್ನೆ ಏನು, ನಾವೇಕೆ ಇಲ್ಲಿ ನಿಂತೆವು ಎಂದು ಕೇಳುತ್ತಾ ಹೋಗಿ.

ಪ್ರಶ್ನೆ: ಎಲ್‌ಎಲ್‌ಆರ್ ಬಂದಿದೆ. ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬೈಕ್ ಕಲಿಯಬಹುದೇ? ಡಿಎಲ್ ಪರೀಕ್ಷೆಗೆ ಯಾವಾಗ ಹೋಗಬೇಕು? (ಶಿವಮೊಗ್ಗದ ಓದುಗ)

ಉತ್ತರ: ಗೆಳೆಯನಿಗೆ ಬೈಕಿನ ಡಿಎಲ್ ಇದ್ದು, ಅವನು ನಿಮಗೆ ಕಲಿಸಲೆಂದೇ ಕೂತಿದ್ದರೆ ಸರಿ. ಸುಮ್ಮನೆ ಜೊತೆಗಾರನಾಗಿ ಯಾರನ್ನೂ ಕೂರಿಸುವಂತಿಲ್ಲ. ಹೆಲ್ಮೆಟ್ ಇಬ್ಬರಿಗೂ ಬೇಕು. ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಇರಬೇಕು. ಫಲಕ ಕನಿಷ್ಠ 18 ಸೆಂಟಿಮೀಟರ್ ಚೌಕ, ಅಕ್ಷರ 10 ಸೆಂಟಿಮೀಟರ್ ಎತ್ತರ ಎಂದು ನಿಯಮವಿದೆ. ಬೆರಳಗಲದ ಸ್ಟಿಕರ್ ಅಂಟಿಸಿದರೆ ನಡೆಯುವುದಿಲ್ಲ. ಎಲ್‌ಎಲ್‌ಆರ್ 6 ತಿಂಗಳು ಊರ್ಜಿತ, ಡಿಎಲ್ ಪರೀಕ್ಷೆಗೆ 30 ದಿನ ಕಳೆದ ಮೇಲೆ ಹೋಗಬಹುದು. ಕೊನೆಯ ವಾರದವರೆಗೆ ಕಾಯಬೇಡಿ. ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಒಮ್ಮೆ ಫೇಲಾದರೆ ಇನ್ನೊಮ್ಮೆ ಸ್ಲಾಟ್ ಸಿಗುವಷ್ಟು ದಿನ ಕೈಯಲ್ಲಿಟ್ಟುಕೊಂಡು ಮೂರನೇ ತಿಂಗಳಿನಲ್ಲೇ ದಿನಾಂಕ ಕಾಯ್ದಿರಿಸಿ.