ರೇಲಿಂಗ್‌ಗೆ ಶುದ್ಧ ಕನ್ನಡ ಯಾವುದು, ಕಟಾಂಜನವೋ ಕಟಕಟೆಯೋ?

ಈ ಪ್ರಶ್ನೆಗೆ ನಾನು ಕೈಯಿಂದ ದುಡ್ಡು ಕಟ್ಟಿದವ ಮಾರಾಯ್ರೇ!

ಬದಿಯಡ್ಕದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ನಮ್ಮ ಕಾಸರಗೋಡಿನ ಬೋರ್ಡುಗಳಲ್ಲಿ ಮಲಯಾಳದ ಕೆಳಗೆ ಕನ್ನಡ ಇರುತ್ತದಲ್ಲ, ಆ ಕನ್ನಡ ಬರೆಯುವುದು ನನ್ನಂಥವರು. ಒಂದು ದೇವಸ್ಥಾನದವರು ಕೆರೆಯ ಸುತ್ತ ಸ್ಟೀಲಿನ ರೇಲಿಂಗ್ ಹಾಕಿಸಿ ಬೋರ್ಡಿಗೆ ಮಲಯಾಳದ ಒಕ್ಕಣೆ ಕೊಟ್ಟರು. ಕೈವರಿಗೆ ಒರಗಬಾರದು, ಅದರ ಮೇಲೆ ಮಕ್ಕಳನ್ನು ಕೂರಿಸಬಾರದು, ಇಷ್ಟೇ. ಸೇತುವೆಗೆ, ಮೆಟ್ಟಿಲಿಗೆ ಇರುವುದನ್ನೆಲ್ಲ ಮಲಯಾಳದವರು ಕೈವರಿ ಅನ್ನುತ್ತಾರೆ. ನಾನು ನಿಘಂಟು ತೆಗೆದೆ. ಕಟಕಟೆ ಇತ್ತು, ಕಂಬಿ ಇತ್ತು, ಕಟಾಂಜನ ಇತ್ತು. ಕಟಾಂಜನ ಬರೆದೆ.

ನಿಘಂಟಿನ ತಪ್ಪಲ್ಲ. ಕಂಬಿಗಳನ್ನು ಸಾಲಾಗಿ ನಿಲ್ಲಿಸಿದ ತಡೆಗೆ ಕಟಾಂಜನ ಅನ್ನುವುದು ಸರಿಯೇ. ನಾನು ಮಾಡಿದ್ದೇನೆಂದರೆ, ದೇವಸ್ಥಾನದ ಬೋರ್ಡಲ್ಲವಾ, ಶಬ್ದ ಸ್ವಲ್ಪ ಗಟ್ಟಿಯಾಗಿರಲಿ ಅಂತ ತೂಕ ನೋಡಿ ಆರಿಸಿದೆ. ಕಂಬಿ ಅಂದರೆ ಹಗುರವಾಯಿತು ಅನಿಸಿತು. ಓದುವವರು ಯಾರು? ಒದ್ದೆ ಕಾಲಲ್ಲಿ ಮೆಟ್ಟಿಲು ಹತ್ತುವವರು, ಮಕ್ಕಳನ್ನು ಎತ್ತಿಕೊಂಡವರು. ಒರಗಬೇಡಿ ಅಂತ ಗೊತ್ತಾಯಿತು, ಯಾವುದಕ್ಕೆ ಅಂತಲೇ ಗೊತ್ತಾಗಲಿಲ್ಲ. ಎಚ್ಚರಿಕೆಯಲ್ಲಿ ಮುಖ್ಯ ಶಬ್ದವೇ ತಿಳಿಯದಿದ್ದರೆ ಬೋರ್ಡು ಯಾಕೆ? ಪಕ್ಕದ ಅಂಗಡಿಯವನಿಗೆ ಒಮ್ಮೆ ಓದಿ ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಸಾಲದ್ದಕ್ಕೆ ಹಲಗೆ ಅಗಲ ಕಡಿಮೆ, ಶಬ್ದವನ್ನು ನಡುವೆ ಮುರಿದಿದ್ದೆ. ಮೇಲಿನ ಸಾಲು ‘ಕಟಾಂ’ ಅಂತ ಮುಗಿಯಿತು, ಕೆಳಗಿನದು ‘ಜನದ ಮೇಲೆ ಮಕ್ಕಳನ್ನು ಕೂರಿಸಬೇಡಿ’ ಅಂತ ಶುರುವಾಯಿತು. ಒಬ್ಬರು ಅಜ್ಜಿ, “ಇಲ್ಲಿ ಅಂಜನ ಹಾಕಿ ನೋಡ್ತಾರಾ ಮಗಾ?” ಅಂತ ಕೇಳಿದರಂತೆ. ಬೋರ್ಡು ವಾಪಸು ಬಂತು. ಹೊಸ ಹಲಗೆ, ಹೊಸ ಅಕ್ಷರ, ಎಲ್ಲ ನನ್ನ ಖರ್ಚು. ಆ ವರ್ಷದ ಜಾತ್ರೆಯ ಆಮಂತ್ರಣ ಪತ್ರಿಕೆಯೂ ಬೇರೆ ಪ್ರೆಸ್ಸಿಗೆ ಹೋಯಿತು.

ಹಾಗಾಗಿ ‘ಶುದ್ಧ ಕನ್ನಡ ಯಾವುದು’ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಂಗ್ಲಿಷಿನವರು ಎಲ್ಲದಕ್ಕೂ ರೇಲಿಂಗ್ ಅಂದರೆ ನಾವೂ ಒಂದೇ ಶಬ್ದದಲ್ಲಿ ಮುಗಿಸಬೇಕಾ? ನಮ್ಮಲ್ಲಿ ಕಿಟಕಿಗೆ, ಜಗಲಿಗೆ ದಳಿ. ತೋಟದ ದಾರಿಯಲ್ಲಿ ದನ ನುಗ್ಗದ ಹಾಗೆ ಹಾಕುವುದು ತಡಮೆ. ಕಟಕಟೆ ಈಗ ಪೂರ್ತಿ ಕೋರ್ಟಿನ ಸೊತ್ತು, ಕೆರೆಯ ಹತ್ತಿರ ಬರೆದರೆ ಸಾಕ್ಷಿ ಹೇಳಲು ಕರೆದ ಹಾಗಾಗುತ್ತದೆ. ಪೇಪರಿನವರು ಸೇತುವೆಯ ಕಬ್ಬಿಣಕ್ಕೂ ‘ತಡೆಗೋಡೆ’ ಅನ್ನುತ್ತಾರೆ, ಅದು ನನಗೆ ಹಿಡಿಸುವುದಿಲ್ಲ. ಗೋಡೆಯೇ ಇಲ್ಲದಲ್ಲಿ ಎಂಥ ತಡೆಗೋಡೆ? ಕುಂಬಳೆ, ಉಪ್ಪಳದ ಕಡೆ ಹೈವೇಗೂ ಸಮುದ್ರಕ್ಕೂ ನಡುವೆ ರೈಲು ಹೋಗುತ್ತದೆ, ಅಲ್ಲಿ ಅಡ್ಡ ಬೀಳುವುದಕ್ಕೆ ಎಲ್ಲರೂ ಗೇಟು ಅಂತಲೇ ಹೇಳುವುದು. ಅದಕ್ಕೂ ಕನ್ನಡ ಹುಡುಕಲು ಹೋಗಬೇಡಿ, ದಮ್ಮಯ್ಯ.

ಎಲ್ಲ ಕಡೆಗೂ ಸಲ್ಲುವ ಶಬ್ದ ಬೇಕೇ ಬೇಕು ಅಂದರೆ ಕಂಬಿ. ಇಂಗ್ಲಿಷಿನ ರೇಲ್ ಕೂಡ ಮೂಲದಲ್ಲಿ ನೇರವಾದ ಕೋಲು, ಲ್ಯಾಟಿನಿನ ರೆಗುಲಾದಿಂದ ಫ್ರೆಂಚಿನ ಮೂಲಕ ಬಂದದ್ದು. ಆ ಕೋಲಿನ ಮೇಲೆ ಓಡುವ ಗಾಡಿಗೇ ನಾವು ರೈಲು ಅಂದೆವು, ಕೋಲಿಗೆ ಹಳಿ ಅಂದೆವು, ಕಂಬಿ ಅಂದೆವು. ಜೈಲಿಗೆ ಹೋದವ ಕಂಬಿ ಎಣಿಸುತ್ತಾನೆ, ತಪ್ಪಿಸಿಕೊಂಡವ ಕಂಬಿ ಕೀಳುತ್ತಾನೆ. ಇಷ್ಟು ಕಡೆ ದುಡಿಯುವ ಶಬ್ದವನ್ನು ಹಗುರ ಅಂದುಕೊಂಡವ ನಾನು.

ಎಲ್ಲಿಗೆ ಬರೆಯುವುದು ಅಂತ ನೀವು ಹೇಳಿಲ್ಲ. ಹಳೆಯ ಕಾಲದ ಬಂಗಲೆಯ ಕಥೆಯಾದರೆ ಕಟಾಂಜನ ಇರಲಿ, ಚೆಂದ ಕಾಣುತ್ತದೆ. ಬೋರ್ಡಾದರೆ ‘ಕಂಬಿಗೆ ಒರಗಬೇಡಿ’ ಅಂತ ಒಂದೇ ಸಾಲಲ್ಲಿ ಬರೆಯಿರಿ, ಹಲಗೆ ಸಾಲದಿದ್ದರೆ ಅಕ್ಷರ ಸಣ್ಣ ಮಾಡಿ.