ಎರಡು ಪರ್ಸೆಂಟ್ ಪಟ್ಟಿಯಲ್ಲಿ ಹೆಸರು ಬಂದರೆ ಏನರ್ಥ? – ಸಂಪಾದಕರ ಉತ್ತರ

ರಾಣೆಬೆನ್ನೂರಿನ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಬರೆದ ಪತ್ರದ ಸಾರ ಇದು: “ನಮಗೆ ಪರಿಚಯವಿರುವ ಪ್ರಾಧ್ಯಾಪಕರೊಬ್ಬರ ಹೆಸರು ಜಗತ್ತಿನ ಅಗ್ರ ಶೇ. 2ರ ವಿಜ್ಞಾನಿಗಳ ಪಟ್ಟಿಯಲ್ಲಿ ಬಂದಿದೆ. ಊರವರು ಸನ್ಮಾನ ಮಾಡಬೇಕು ಅಂತಿದ್ದಾರೆ. ಅದೇ ವಾರ, ಧಾರವಾಡದಲ್ಲಿ ಪಿಎಚ್.ಡಿ. ಮಾಡುತ್ತಿರುವ ನನ್ನ ತಂಗಿಯ ಮಗನಿಗೆ ವಾಟ್ಸಾಪಿನಲ್ಲಿ ಮೆಸೇಜ್ ಬಂತು. ಮೂರು ಸಾವಿರ ರೂಪಾಯಿ ಕೊಟ್ಟರೆ ಮೂರೇ ದಿನದಲ್ಲಿ ಅಂತರರಾಷ್ಟ್ರೀಯ ಜರ್ನಲ್‌ನಲ್ಲಿ ಪ್ರಬಂಧ ಹಾಕಿಸುತ್ತಾರಂತೆ. ಜಗತ್ತು ವಿಜ್ಞಾನವನ್ನು ಅಳೆಯುವುದು ಹೀಗೇನಾ? ಈ ಅಂಕಿಗಳನ್ನು ನಂಬಬೇಕೋ ಬಿಡಬೇಕೋ?”

ಗುರುಗಳೇ, ನಮಸ್ಕಾರ.

ಮೊದಲು ಆ ಪಟ್ಟಿಯ ವಿಷಯ ಹೇಳುತ್ತೇನೆ. ಅದನ್ನು ಸಿದ್ಧ ಮಾಡುವವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಅವರ ಜೊತೆಗಾರರು. 2019ರಿಂದ ಬರುತ್ತಿದೆ. ಸ್ಕೋಪಸ್ ಎಂಬ ದೊಡ್ಡ ದತ್ತಾಂಶ ಕೋಶದಲ್ಲಿರುವ ಪ್ರಬಂಧಗಳನ್ನು ಹಿಡಿದು, ಯಾರ ಪ್ರಬಂಧವನ್ನು ಬೇರೆ ಸಂಶೋಧಕರು ಎಷ್ಟು ಸಲ ಉಲ್ಲೇಖಿಸಿದ್ದಾರೆ, ಲೇಖಕರ ಸಾಲಿನಲ್ಲಿ ಅವರ ಹೆಸರು ಎಲ್ಲಿದೆ ಎಂದು ಲೆಕ್ಕ ಹಾಕುತ್ತಾರೆ. ಅದು ಪ್ರಶಸ್ತಿ ಅಲ್ಲ. ಅದಕ್ಕಾಗಿ ಯಾವ ಸಮಿತಿಯೂ ಕೂತು ಇವರ ಕೆಲಸ ಓದಿಲ್ಲ. ಪಟ್ಟಿಯಲ್ಲೂ ಎರಡು ಬಗೆ ಇದೆ. ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಎರಡಕ್ಕೂ ಬಹಳ ವ್ಯತ್ಯಾಸ. ನಮ್ಮ ಪತ್ರಿಕೆಗಳ ಸುದ್ದಿಯಲ್ಲಿ ಅದು ಯಾವುದು ಅಂತ ಹೇಳುವುದೇ ಅಪರೂಪ. ತಮ್ಮ ಪ್ರಬಂಧವನ್ನು ತಾವೇ ಉಲ್ಲೇಖಿಸಿಕೊಂಡ ಪ್ರಮಾಣ ಎಷ್ಟು ಎಂಬುದನ್ನೂ ಅಯೊನಿಡಿಸ್ ತಂಡ ಬೇರೆಯಾಗಿ ತೋರಿಸುತ್ತದೆ. ಮಾಡಿದವರು ಎಚ್ಚರದಿಂದಲೇ ಮಾಡಿದ್ದಾರೆ. ಆ ಎಚ್ಚರ ನಮ್ಮ ಹೆಡ್‌ಲೈನ್‌ವರೆಗೆ ಬರುವುದಿಲ್ಲ, ಅಷ್ಟೇ.

ಹಾಗಂತ ಸನ್ಮಾನ ಬೇಡ ಅನ್ನುತ್ತಿಲ್ಲ. ತನ್ನ ವಿಷಯದಲ್ಲಿ ಕೆಲಸ ಮಾಡುವ ದೂರದ ಜನ ಒಬ್ಬರ ಪ್ರಬಂಧವನ್ನು ಬಳಸಿಕೊಂಡಿದ್ದಾರೆ ಅಂದರೆ ಅದು ಸಣ್ಣ ಮಾತಲ್ಲ. ಆದರೆ ಉಲ್ಲೇಖದ ಎಣಿಕೆ ಹೇಳುವುದು ಅಷ್ಟನ್ನೇ.

ಈ ಎಣಿಕೆ ಹುಟ್ಟಿದ್ದೇ ಬೇರೆ ಕೆಲಸಕ್ಕೆ. 1955ರಲ್ಲಿ ಯೂಜಿನ್ ಗಾರ್‌ಫೀಲ್ಡ್ ಎಂಬ ಅಮೆರಿಕನ್, ಯಾವ ಪ್ರಬಂಧವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂದು ಹುಡುಕಲು ಒಂದು ಸೂಚಿ ಬೇಕು ಎಂದು ಬರೆದರು. 1964ರಲ್ಲಿ ಅದನ್ನು ತಂದೂ ತೋರಿಸಿದರು. ಅದರಿಂದಲೇ ಇಂಪ್ಯಾಕ್ಟ್ ಫ್ಯಾಕ್ಟರ್ ಬಂತು. ಒಂದು ಜರ್ನಲ್ ಹಿಂದಿನ ಎರಡು ವರ್ಷದಲ್ಲಿ 100 ಪ್ರಬಂಧ ಹಾಕಿದೆ, ಅವನ್ನು ಈ ವರ್ಷ 300 ಸಲ ಉಲ್ಲೇಖಿಸಿದ್ದಾರೆ ಅಂದುಕೊಳ್ಳಿ. ಅದರ ಇಂಪ್ಯಾಕ್ಟ್ ಫ್ಯಾಕ್ಟರ್ 3. ಯಾವ ಜರ್ನಲ್ ತರಿಸಬೇಕು ಎಂದು ಯೋಚಿಸುವ ಗ್ರಂಥಪಾಲಕರಿಗೆ ಇದು ಒಳ್ಳೆಯ ಸಹಾಯ. ಒಬ್ಬ ಮನುಷ್ಯನ ಕೆಲಸವನ್ನು ಅಳೆಯಲು ಅದನ್ನು ಬಳಸಿದ್ದೇ ತಪ್ಪು. ಆ 300ರಲ್ಲಿ 250 ಉಲ್ಲೇಖ ಎರಡೇ ಪ್ರಬಂಧಕ್ಕೆ ಬಂದಿರಬಹುದು, ಉಳಿದ 98 ಮಂದಿ ಅದರ ನೆರಳಿನಲ್ಲಿ ನಿಂತಿರಬಹುದು. 2005ರಲ್ಲಿ ಜಾರ್ಜ್ ಹರ್ಷ್ ಎಂಬ ಭೌತವಿಜ್ಞಾನಿ ಎಚ್-ಇಂಡೆಕ್ಸ್ ತಂದರು. ಕನಿಷ್ಠ 10 ಉಲ್ಲೇಖ ಸಿಕ್ಕ 10 ಪ್ರಬಂಧ ನಿಮ್ಮದಿದ್ದರೆ ನಿಮ್ಮ ಎಚ್-ಇಂಡೆಕ್ಸ್ 10. ಲೆಕ್ಕ ಸುಲಭ. ಆದರೆ ಗಣಿತದಲ್ಲಿ ಉಲ್ಲೇಖ ನಿಧಾನ, ವೈದ್ಯಕೀಯದಲ್ಲಿ ಬೇಗ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವ ಆಯ್ಕೆ ಸಮಿತಿಗಳು ಇವತ್ತಿಗೂ ಇವೆ. 2015ರಲ್ಲಿ ಹಿಗ್ಸ್ ಕಣದ ತೂಕದ ಬಗ್ಗೆ ಬಂದ ಒಂದೇ ಪ್ರಬಂಧಕ್ಕೆ 5,154 ಲೇಖಕರಿದ್ದರು. ಅಷ್ಟೂ ಜನರ ಲೆಕ್ಕಕ್ಕೆ ಒಂದೊಂದು ಪ್ರಬಂಧ ಸೇರಿತು.

ಅಂಕಿ ಬರೀ ಅಂಕಿಯಾಗಿ ಉಳಿದಿದ್ದರೆ ಚಿಂತೆ ಇರಲಿಲ್ಲ. ಅದು ನೌಕರಿಗೆ, ಪ್ರಮೋಷನ್‌ಗೆ ಗಂಟು ಬಿತ್ತು. ನಮ್ಮಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2010ರ ನಿಯಮ ಅಧ್ಯಾಪಕರ ಸಾಧನೆ ಅಳೆಯಲು ಎಪಿಐ ಎಂಬ ಅಂಕ ತಂದಿತು. ಪ್ರಬಂಧಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು. ಚೀನಾದ ವಿಶ್ವವಿದ್ಯಾಲಯಗಳು ಪ್ರಬಂಧ ಬಂದರೆ ಕೈಗೆ ಹಣ ಕೊಡುತ್ತಿದ್ದವು. ಬೇಡಿಕೆ ಇದ್ದಲ್ಲಿ ಮಾರುವವರು ಬಂದೇ ಬರುತ್ತಾರೆ, ಅಲ್ವಾ? ಪ್ರಬಂಧವನ್ನೇ ತಯಾರಿಸಿ ಮಾರುವ ಅಂಗಡಿಗಳು ಹುಟ್ಟಿಕೊಂಡವು. 2023 ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 10,000ಕ್ಕೂ ಜಾಸ್ತಿ ಪ್ರಬಂಧಗಳನ್ನು ಜರ್ನಲ್‌ಗಳು ವಾಪಸ್ ಪಡೆದವು. ಅದರಲ್ಲಿ 8,000ಕ್ಕೂ ಹೆಚ್ಚು ಹಿಂದಾವಿ ಎಂಬ ಒಂದೇ ಪ್ರಕಾಶನ ಸಂಸ್ಥೆಯ ಜರ್ನಲ್‌ಗಳವು. ನಿಮ್ಮ ಅಳಿಯನಿಗೆ ಬಂದ ಮೆಸೇಜು ಇದೇ ವ್ಯಾಪಾರದ ಬಾಲ. ವಿಷಯ ಬಲ್ಲ ಇಬ್ಬರು ಕೂತು ಓದಿ, ತಪ್ಪು ಹೇಳಿ, ತಿದ್ದಿಸಿ, ಮತ್ತೆ ಓದುವ ಕೆಲಸ ಮೂರು ದಿನದಲ್ಲಿ ಆಗುವುದಿಲ್ಲ. ವಾರಗಳು, ಎಷ್ಟೋ ಸಲ ತಿಂಗಳುಗಳು ಬೇಕು.

ಈಗ ನನ್ನ ಮನಸ್ಸಿನಲ್ಲಿರುವ ಮುಖ್ಯ ಮಾತು. ನಿಮ್ಮ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯನ್ನು ಖಾರ ನೋಡಿ ಅಳೆದರೆ ಅದು ಹಿಂದೆ ಬೀಳುತ್ತದೆ. ಅದರ ಬೆಲೆ ಇರುವುದು ಬಣ್ಣದಲ್ಲಿ. ಸಂಶೋಧನೆಯಲ್ಲೂ ಯಾವುದಕ್ಕೆ ಯಾವ ಅಳತೆ ಎಂದು ಮೊದಲು ಕೇಳಬೇಕು. ನಮ್ಮ ಸೀಮೆಯಲ್ಲೇ ನೋಡಿ. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿ 1972ರಲ್ಲಿ ವರಲಕ್ಷ್ಮಿ ಹತ್ತಿ ಕೊಟ್ಟರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಸಂಕರಣ ತಳಿ ರೈತರ ಹೊಲಕ್ಕೆ ವಾಣಿಜ್ಯ ಬೆಳೆಯಾಗಿ ಬಂದದ್ದು ಅದೇ ಮೊದಲು. ಉದ್ದನೆಯ ಎಳೆ, ಒಳ್ಳೆಯ ಇಳುವರಿ. ಮುಂದೆ ಡಿಸಿಎಚ್-32 ಎಂಬ ಇನ್ನೊಂದು ಸಂಕರಣ ಹತ್ತಿ ಬಂತು. ನಿಮ್ಮ ಹಾವೇರಿ ಕಡೆಯ ಎಷ್ಟು ಮನೆಗಳ ಮದುವೆ, ಮಕ್ಕಳ ಓದು ಆ ಹತ್ತಿಯ ದುಡ್ಡಿನಲ್ಲಿ ಆಗಿವೆಯೋ! ಈ ಸಾಧನೆಯನ್ನು ಯಾವ ಎಚ್-ಇಂಡೆಕ್ಸ್ ಹಿಡಿಯುತ್ತದೆ? ಬಿತ್ತಿದ ಎಕರೆ ಲೆಕ್ಕ ಹಿಡಿಯುತ್ತದೆ, ಎಪಿಎಂಸಿ ಲೆಕ್ಕ ಹಿಡಿಯುತ್ತದೆ.

ಅದೇ ಧಾರವಾಡದ ಇನ್ನೊಂದು ಕೆಲಸ ಉಲ್ಲೇಖದ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಶೇಂಗಾ ತಳಿ ತುಕ್ಕು ರೋಗ ಮತ್ತು ಎಲೆಚುಕ್ಕೆ ರೋಗ ಎರಡನ್ನೂ ತಡೆಯುತ್ತದೆ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆ ತಡೆಯುವ ಗುಣವನ್ನೇ ತೆಗೆದುಕೊಂಡು ಬೇರೆ ಹೆಸರಾಂತ ಶೇಂಗಾ ತಳಿಗಳಿಗೆ ಸೇರಿಸಿದರು. ಈ ದಾರಿ ನಮಗೆ ಕಾಣುವುದು ಪ್ರಬಂಧಗಳ ಉಲ್ಲೇಖದಲ್ಲಿ. ಹಾಗಾಗಿ ಅಂಕಿ ಎಲ್ಲಾ ಸುಳ್ಳು ಎಂದು ಸುಮ್ನೆ ಬಿಸಾಡುವುದೂ ಸರಿಯಲ್ಲ. ಯಾರ ಕೆಲಸ ಎಲ್ಲಿಗೆ ಹೋಯಿತು ಎಂದು ಹುಡುಕಲು ಅದು ಬೇಕು. ಹುಡುಕಿದ ಮೇಲೆ ಓದಬೇಕು.

ಇನ್ನು ಕನ್ನಡದಲ್ಲೇ ನಡೆಯುವ ಸಂಶೋಧನೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ 1939ರದ್ದು. ಶಾಸನ ಓದುವವರು, ವಚನಗಳ ಪಾಠ ಪರಿಷ್ಕರಿಸುವವರು, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಹಾಡು ಸಂಗ್ರಹಿಸುವವರು ಬರೆಯುವುದು ಹೆಚ್ಚಾಗಿ ಕನ್ನಡದಲ್ಲಿ. ಅದರಲ್ಲಿ ಬಹುಪಾಲು ಸ್ಕೋಪಸ್ ಕಣ್ಣಿಗೆ ಬೀಳುವುದೇ ಇಲ್ಲ. ಲಕ್ಕುಂಡಿಯ ಒಂದು ಶಾಸನವನ್ನು ಸರಿಯಾಗಿ ಓದಲು ತಿಂಗಳುಗಟ್ಟಲೆ ಕೂತವರಿಗೆ ಸೊನ್ನೆ ಅಂಕ ಸಿಕ್ಕರೆ ಅದು ಅನ್ಯಾಯ. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ.

ಜಗತ್ತು ಇದನ್ನು ನೋಡುತ್ತಾ ಕೂತಿಲ್ಲ. 2012ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ವಿಜ್ಞಾನಿಗಳು, ಸಂಪಾದಕರು ಒಂದು ಘೋಷಣೆ ಬರೆದರು. ನೇಮಕಾತಿ, ಬಡ್ತಿ, ಅನುದಾನ ಕೊಡುವಾಗ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಬೇಡಿ, ಕೆಲಸ ನೋಡಿ ಎಂಬುದು ಅದರ ತಿರುಳು. 2015ರ ಲೈಡನ್ ಪ್ರಣಾಳಿಕೆ ಸಂಶೋಧನೆಯನ್ನು ಅಳೆಯಲು ಹತ್ತು ಸೂತ್ರ ಕೊಟ್ಟಿತು. ಸ್ಥಳೀಯವಾಗಿ ಬೇಕಾದ ಸಂಶೋಧನೆಯನ್ನು ಕಾಪಾಡಬೇಕು ಎಂಬುದು ಅದರಲ್ಲಿ ಒಂದು. ನಮ್ಮಂಥ ಊರುಗಳಿಗೆ ಇದಕ್ಕಿಂತ ದೊಡ್ಡ ಬೆಂಬಲ ಯಾವುದು! ಬ್ರಿಟನ್ ತನ್ನ ವಿಶ್ವವಿದ್ಯಾಲಯಗಳ ಮೌಲ್ಯಮಾಪನದಲ್ಲಿ, ಸಂಶೋಧನೆಯಿಂದ ಸಮಾಜಕ್ಕೆ ಏನಾಯಿತು ಎಂಬುದಕ್ಕೆ 2014ರಲ್ಲಿ ಶೇ. 20 ಅಂಕ ಇಟ್ಟಿತು, 2021ರಲ್ಲಿ ಅದನ್ನು ಶೇ. 25 ಮಾಡಿತು. ಚೀನಾ 2020ರಲ್ಲಿ ಪ್ರಬಂಧಕ್ಕೆ ಹಣ ಕೊಡುವುದನ್ನು ನಿಲ್ಲಿಸಲು ಹೇಳಿತು. ನಮ್ಮ ಯುಜಿಸಿ ಕೂಡ 2022ರ ನಿಯಮದಲ್ಲಿ, ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮೊದಲು ಜರ್ನಲ್‌ನಲ್ಲಿ ಪ್ರಬಂಧ ಪ್ರಕಟಿಸಲೇಬೇಕು ಎಂಬ ಕಡ್ಡಾಯ ತೆಗೆಯಿತು. 2025ರಲ್ಲಿ, ತಾನು ಒಪ್ಪಿದ ಜರ್ನಲ್‌ಗಳ ‘ಕೇರ್’ ಪಟ್ಟಿಯನ್ನೂ ಕೈಬಿಟ್ಟಿತು. ಈ ಕೊನೆಯದರ ಬಗ್ಗೆ ನನಗೆ ಕಳವಳ ಇದೆ. ಒಳ್ಳೆಯ ಜರ್ನಲ್ ಯಾವುದು ಎಂದು ತೀರ್ಮಾನಿಸುವ ಹೊಣೆ ಈಗ ಆಯಾ ಸಂಸ್ಥೆಗಳ ಮೇಲೆ ಬಿದ್ದಿದೆ. ದೊಡ್ಡ ವಿಶ್ವವಿದ್ಯಾಲಯಕ್ಕೆ ಅದು ಸಾಧ್ಯ. ತಾಲ್ಲೂಕಿನ ಕಾಲೇಜಿಗೆ ಕಷ್ಟ.

ಇನ್ನೊಂದು ಅಂಕಿಯನ್ನು ನಾವು ಮರೆಯಬಾರದು. ಪ್ರಬಂಧಗಳ ಸಂಖ್ಯೆಯಲ್ಲಿ ಚೀನಾ, ಅಮೆರಿಕದ ನಂತರ ಮೂರನೆಯ ಜಾಗ ಭಾರತದ್ದು. ಆದರೆ 2020–21ರಲ್ಲಿ ನಾವು ಸಂಶೋಧನೆಗೆ ಮಾಡಿದ ಖರ್ಚು ಜಿಡಿಪಿಯ ಶೇ. 0.64 ಮಾತ್ರ. ದಕ್ಷಿಣ ಕೊರಿಯಾ, ಇಸ್ರೇಲ್ ಆಗಲೇ ಶೇ. 5ರ ಆಸುಪಾಸಿನಲ್ಲಿದ್ದವು. ಪ್ರಯೋಗಾಲಯಕ್ಕೆ ದುಡ್ಡು ಕೊಡದೆ ಪ್ರಬಂಧ ಮಾತ್ರ ಕೇಳಿದರೆ ಹುಡುಗರು ವಾಟ್ಸಾಪ್ ಮೆಸೇಜಿನ ಕಡೆ ತಿರುಗುತ್ತಾರೆ. ಅವರನ್ನು ಮಾತ್ರ ಬೈದು ಏನು ಪ್ರಯೋಜನ?

ನಿಮ್ಮ ಅಳಿಯನಿಗೆ ಹೇಳಿ: ಆ ನಂಬರ್ ಬ್ಲಾಕ್ ಮಾಡಲಿ. ಜರ್ನಲ್ ಆಯ್ಕೆ ಮಾಡುವ ಮೊದಲು ಅದರ ಹಳೆಯ ಸಂಚಿಕೆಯ ನಾಲ್ಕೈದು ಪ್ರಬಂಧ ಓದಲಿ. ಸಂಪಾದಕ ಮಂಡಳಿಯಲ್ಲಿರುವ ಒಬ್ಬರಿಗಾದರೂ ಇಮೇಲ್ ಮಾಡಿ, ಅವರು ನಿಜವಾಗಿ ಅಲ್ಲಿದ್ದಾರಾ ಎಂದು ಕೇಳಲಿ. ತನ್ನ ಗೈಡ್ ಓದುವ ಜರ್ನಲ್ ಯಾವುದು ಎಂದು ವಿಚಾರಿಸಲಿ. 2025ರ ಜನವರಿಯಿಂದ ಕೇಂದ್ರದ ‘ಒಂದು ದೇಶ ಒಂದು ಚಂದಾ’ ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಜರ್ನಲ್‌ಗಳು ಸಿಗುವಂತಾಗಿದೆ. ಮೊದಲು ದುಡ್ಡಿಲ್ಲದೆ ಓದಲಾಗದಿದ್ದದ್ದು ಈಗ ಲೈಬ್ರರಿಯಲ್ಲೇ ಇದೆ. ಅದನ್ನು ಬಳಸಲಿ.

ಸನ್ಮಾನದ ದಿನ ಶಾಲು, ಹಾರ ಬೇಗ ಮುಗಿಸಿಬಿಡಿ. ಆ ಪ್ರಾಧ್ಯಾಪಕರಿಗೆ ಅರ್ಧ ಗಂಟೆ ಕೊಟ್ಟು, ಅತಿ ಹೆಚ್ಚು ಉಲ್ಲೇಖ ಸಿಕ್ಕ ತಮ್ಮ ಒಂದು ಪ್ರಬಂಧವನ್ನು ಹೈಸ್ಕೂಲ್ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿ ಹೇಳಿ ಎಂದು ಕೇಳಿ. ಪ್ರಶ್ನೆ ಕೇಳಲು ಮಕ್ಕಳನ್ನು ನೀವೇ ತಯಾರು ಮಾಡಿ, ಆ ಕೆಲಸ ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ಅವರು ಒಪ್ಪಿದರೆ ಆ ಮಾತನ್ನು ಬರೆದು ನಮಗೆ ಕಳಿಸಿಕೊಡಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಅದಕ್ಕಾಗಿ ಇಟ್ಟುಕೊಂಡಿರುತ್ತೇವೆ.

– ಸಂಪಾದಕ, ಹುಬ್ಬಳ್ಳಿ